ಆಲ್ಟರ್ ಪೀಸ್ ಸುರಿದುಕೊಂಡು ಮಾಡಿದ ಟ್ರೈನಿಂಗ್: ನನ್ನ ಅನುಭವ

ಮೈಸೂರು ರಸ್ತೆ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಶರ್ಟ್ ಲೈನ್‌ನ ಟ್ರೈನಿಂಗ್ ನೋಡಿಕೊಳ್ಳುತ್ತೇನೆ. ಆಲ್ಟರ್ ಪೀಸ್, ಅಂದರೆ ಹೊಲಿಗೆ ತಪ್ಪಿ ಸರಿಮಾಡೋಕೆ ವಾಪಸ್ ಬಂದ ಪೀಸ್, ಅದನ್ನೇ ಇಟ್ಟುಕೊಂಡು ಟ್ರೈನಿಂಗ್ ಮಾಡಿದೆ. "ಇದೆಲ್ಲ ಆಗೋ ಹೋಗೋ ಮಾತಲ್ಲ" ಅಂದವರೇ ಈಗ ಪಕ್ಕದ ಲೈನಿಗೂ ಮಾಡಿಕೊಡಿ ಅಂತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮುಗ್ಗರಿಸಿದ್ದು ಎಲ್ಲರ ಹಾಗೇ. ಎರಡು ದಿನ ಹಾಲ್, ಪಿಪಿಟಿ, ಹೊರಗಿನ ಟ್ರೈನರ್, ಮಧ್ಯಾಹ್ನ ಒಳ್ಳೆ ಊಟ. ಖರ್ಚು ಹತ್ತಿರ ಹತ್ತಿರ 45 ಸಾವಿರ. ಫೀಡ್‌ಬ್ಯಾಕ್ ಫಾರಂನಲ್ಲಿ ಎಲ್ಲರೂ ಐದಕ್ಕೆ ಐದು ಕೊಟ್ಟರು, ಊಟಕ್ಕೆ ಕೊಟ್ಟದ್ದು ಅಂತ ನನ್ನ ಅನುಮಾನ. ಆಲ್ಟರ್ ಮಾತ್ರ ನೂರಕ್ಕೆ 12ರ ಹತ್ತಿರ ಇದ್ದದ್ದು ಅಲ್ಲೇ ಇತ್ತು. ಕಿರ್ಕ್‌ಪ್ಯಾಟ್ರಿಕ್‌ನ ನಾಲ್ಕು ಹಂತ (ಟ್ರೈನಿಂಗ್ ಹಿಡಿಸಿತಾ, ಕಲಿತರಾ, ಕೆಲಸದಲ್ಲಿ ಬಳಸಿದರಾ, ಫಲ ಬಂತಾ ಅಂತ ಅಳೆಯೋ ವಿಧಾನ) ಟ್ರೈನಿಂಗ್ ಮಾಡೋ ನಮಗೆಲ್ಲ ಬಾಯಿಪಾಠ, ಅಳೆಯೋದು ಮಾತ್ರ ಮೊದಲನೇದನ್ನೇ, ಅಲ್ವಾ? ಆಮೇಲೆ ವಾಟ್ಸಾಪ್‌ನಲ್ಲಿ ಕ್ವಿಜ್ ಹಾಕಿದೆ. ಒಬ್ಬರು ಬರೆದ ಉತ್ತರವೇ ಮೂವತ್ತು ಜನರಿಂದ ಬಂತು, ತಪ್ಪಿನ ಸಮೇತ.

ಮೂರನೇ ಸಲ ಒಂದು ವಾರದ ಆಲ್ಟರ್ ಪೀಸ್‌ಗಳನ್ನು ಟೇಬಲ್ ಮೇಲೆ ಸುರಿದು, ಯಾವ ಆಪರೇಶನ್‌ದು ಅಂತ ನೋಡಿ ನೋಡಿ ಗುಡ್ಡೆ ಹಾಕಿದೆ. ಅರ್ಧಕ್ಕಿಂತ ಜಾಸ್ತಿ ಮೂರೇ ಕಡೆಯವು: ಕಾಲರ್, ಪ್ಲ್ಯಾಕೆಟ್ (ಮುಂದೆ ಗುಂಡಿ ಬರೋ ಪಟ್ಟಿ), ಕಫ್ (ತೋಳಿನ ತುದಿ ಪಟ್ಟಿ). ಅಷ್ಟಕ್ಕೇ ಟ್ರೈನಿಂಗ್. ಮಿಷನ್ ಹತ್ತಿರವೇ, ಊಟಕ್ಕೆ ಮುಂಚೆ 20 ನಿಮಿಷ.

ಪ್ರೊಡಕ್ಷನ್ ಮ್ಯಾನೇಜರ್ ಸಿಡಿದುಬಿದ್ದರು. "ಮಿಷನ್ ನಿಲ್ಲಿಸಿದ್ರೆ ಟಾರ್ಗೆಟ್ ನೀವು ಬಂದು ಹೊಲೀತೀರಾ?" ಅವರನ್ನು ಹೇಗೆ ಒಪ್ಪಿಸಿದೆ ಅಂತ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು.

ಮಜಾ ಇರೋದು ಕಾಲರ್‌ನಲ್ಲಿ. ಮದ್ದೂರಿಂದ ದಿನಾ ಬರುವ ಒಬ್ಬ ಅಕ್ಕ ಪೀಸ್ ನನ್ನ ಕೈಗಿಟ್ಟು, "ನಾಚ್ ಎಲ್ಲಿದೆ ನೀವೇ ತೋರ್ಸಿ ಸಾರ್" ಅಂದರು. ನಾಚ್ ಅಂದರೆ ಕಾಲರ್ ಎಲ್ಲಿ ಕೂರಬೇಕು ಅಂತ ಬಟ್ಟೆ ಅಂಚಿಗೆ ಹಾಕೋ ಸಣ್ಣ ಕತ್ತರಿ ಗುರುತು. ಬೆಳಕಿಗೆ ಹಿಡಿದು ನೋಡಿದೆ. ಕಟಿಂಗ್‌ನವರು ಹಾಕಿದ ನಾಚ್ 2 ಮಿಲಿಮೀಟರ್ ಕೂಡ ಇಲ್ಲ, ನೂಲು ಬಿಟ್ಟುಕೊಂಡು ಅದೂ ಮುಚ್ಚಿಹೋಗಿತ್ತು. ಪಾಪ, ಅಂದಾಜಲ್ಲೇ ಕೂರಿಸುತ್ತಿದ್ದರು, ಕಾಲರ್ ಒಂದು ಕಡೆಗೆ ವಾಲುತ್ತಿತ್ತು. ಆರು ತಿಂಗಳಿಂದ ಬೈಸಿಕೊಂಡವರು ಅವರು, ಹತ್ತು ನಿಮಿಷದ ಟ್ರೈನಿಂಗ್ ಬೇಕಿದ್ದದ್ದು ಕಟಿಂಗ್‌ನ ಇಬ್ಬರಿಗೆ!

ಕಫ್ ಹೊಲಿಯುವವರನ್ನು ಅರ್ಧ ದಿನ ಚೆಕಿಂಗ್ ಟೇಬಲ್‌ನಲ್ಲಿ ಕೂರಿಸಿದೆ, ತಮ್ಮ ತಪ್ಪು ತಾವೇ ಹಿಡಿದರು. ಅದೇ ಹುಮ್ಮಸ್ಸಿನಲ್ಲಿ, ಹೊಲಿಗೆ ಎದ್ದು ಕಾಣಲಿ ಅಂತ ಪ್ರಾಕ್ಟೀಸ್‌ಗೆ ಕೆಂಪು ದಾರ ಹಾಕಿಸಿದೆ. ಒಬ್ಬರು ಬಾಬಿನ್ (ಮಿಷನ್ ಕೆಳಗಿನ ದಾರದ ಉರುಳೆ) ಬದಲಿಸೋದು ಮರೆತರು. ಬಿಳಿ ಶರ್ಟಿನ ಮೂವತ್ತು ಕಫ್ ಒಳಗೆ ಕೆಂಪು ಹೊಲಿಗೆ, ಬಿಚ್ಚೋಕೆ ನಾನೂ ಕೂತೆ.

ಎರಡು ತಿಂಗಳಲ್ಲಿ ಆಲ್ಟರ್ ನೂರಕ್ಕೆ 5-6ಕ್ಕೆ ಇಳಿಯಿತು. ಟೀ, ಪ್ರಿಂಟು ಎಲ್ಲ ಸೇರಿ ಮೂರು ಸಾವಿರ ದಾಟಿಲ್ಲ, ನಿಂತ ಮಿಷನ್ ಲೆಕ್ಕ ಬೇರೆ. ಪ್ಲ್ಯಾಕೆಟ್ ಮಾತ್ರ ಇನ್ನೂ ಕೈಗೆ ಹತ್ತಿಲ್ಲ, ಅದರ ಗುಡ್ಡೆ ಈಗಲೂ ನನ್ನ ಟೇಬಲ್ ಮೇಲೇ ಇದೆ.