ಗಡ್ಡೆಯ ರಕ್ತನಾಳಕ್ಕೇ ಕಿಮೊ: ಅಪಧಮನಿ ಮೂಲಕ ಔಷಧ ಕೊಡುವ ಬಗೆ

ನಾಲಿಗೆ, ಗಂಟಲು, ಮೇಲ್ದವಡೆಯ ಸೈನಸ್ ಇವುಗಳ ಕ್ಯಾನ್ಸರ್ ಗಡ್ಡೆಗೆ ರಕ್ತ ಬರುವುದು ಬಹುಪಾಲು ಕತ್ತಿನ ಹೊರ ಕೆರೋಟಿಡ್ ಅಪಧಮನಿಯ ಕವಲುಗಳಿಂದ. ಕೈಯ ಸಿರೆಗೆ ಹಾಕಿದ ಔಷಧ ಮೈಯೆಲ್ಲ ಸುತ್ತಿ ತೆಳುವಾಗಿ ಅಲ್ಲಿಗೆ ಬರುತ್ತದೆ. ನೇರ ಆ ಕವಲಿಗೇ ಹಾಕಿದರೆ ಗಾಢವಾಗಿಯೇ ತಲುಪುತ್ತದೆ. 1950ರಲ್ಲೇ ಪ್ರಯತ್ನಿಸಿದ್ದ ಈ ಉಪಾಯ ಕೈಗೂಡಿದ್ದು ಕೂದಲೆಳೆಯಂಥ ಕ್ಯಾತಿಟರ್‌ಗಳು (ರಕ್ತನಾಳದೊಳಗೆ ತೂರಿಸುವ ಕೊಳವೆಗಳು) ಬಂದಮೇಲೆ.

ಮೊದಲು ತಪಾಸಣೆ. ಇಲ್ಲಿ ಬಳಸುವ ಸಿಸ್ಪ್ಲಾಟಿನ್ ಮೂತ್ರಪಿಂಡಕ್ಕೂ ಕಿವಿಗೂ ಪೆಟ್ಟು ಕೊಡುವ ಕಿಮೊ ಔಷಧ, ಹಾಗಾಗಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಶ್ರವಣ ಪರೀಕ್ಷೆ ಆಗಲೇಬೇಕು. ಕೆರೋಟಿಡ್‌ನಲ್ಲಿ ಕೊಬ್ಬು ಕಟ್ಟಿದೆಯೇ ಎಂಬುದನ್ನೂ ನೋಡಬೇಕು. ಕಟ್ಟಿದ್ದರೆ ಒಳಗೆ ತೂರಿಸುವ ತಂತಿ ತಗುಲಿ ಚೂರು ಕಿತ್ತು ಮಿದುಳಿಗೆ ಹೋದೀತು. ಅಂಥವರಿಗೆ ಈ ದಾರಿ ಬೇಡ.

ಪ್ರಮಾಣದ ಲೆಕ್ಕ ದೇಹದ ಮೇಲ್ಮೈ ವಿಸ್ತೀರ್ಣದ ಮೇಲೆ. ಹೆಚ್ಚು ಬಳಕೆಯಾದ ಕ್ರಮದಲ್ಲಿ ಚದರ ಮೀಟರ್‌ಗೆ 150 ಮಿ.ಗ್ರಾಂ ಸಿಸ್ಪ್ಲಾಟಿನ್, ವಾರಕ್ಕೊಂದರಂತೆ 4 ಸಲ. 1.6 ಚದರ ಮೀಟರ್ ಇರುವವರಿಗೆ ಒಂದು ಸಲಕ್ಕೆ 240 ಮಿ.ಗ್ರಾಂ. ಜೊತೆಗೆ 7 ವಾರದಲ್ಲಿ 35 ಕಂತಾಗಿ 70 ಗ್ರೇ ವಿಕಿರಣ. ಇಷ್ಟು ಸಿಸ್ಪ್ಲಾಟಿನ್ನನ್ನು ದೇಹ ತಡೆದುಕೊಳ್ಳುವುದು ಸೋಡಿಯಂ ಥಯೊಸಲ್ಫೇಟ್ ಎಂಬ ಪ್ರತಿವಿಷದಿಂದ. ಚದರ ಮೀಟರ್‌ಗೆ 9 ಗ್ರಾಂನಷ್ಟನ್ನು ಸಿಸ್ಪ್ಲಾಟಿನ್ ಹೋಗುತ್ತಿರುವಾಗಲೇ ಸಿರೆಗೆ ಕೊಡುತ್ತಾರೆ. ಆಮೇಲೆ 12 ಗ್ರಾಂನಷ್ಟನ್ನು 6 ತಾಸಿನಲ್ಲಿ. ಗಡ್ಡೆಯನ್ನು ದಾಟಿ ಬಂದ ಔಷಧವನ್ನು ಅದು ಕಟ್ಟಿಹಾಕಿ ನಿಷ್ಕ್ರಿಯಗೊಳಿಸುತ್ತದೆ. ಗಡ್ಡೆಯೊಳಗೆ ಮಾತ್ರ ಔಷಧದ್ದೇ ಮೇಲುಗೈ, ಏಕೆಂದರೆ ಪ್ರತಿವಿಷ ಅಲ್ಲಿಗೆ ಬರುವುದು ಮೈಯೆಲ್ಲ ಸುತ್ತಿ ತೆಳುವಾದ ಮೇಲೆ. ಸಾಕಷ್ಟು ಸಲೈನ್, ವಾಂತಿ ತಡೆಯುವ ಔಷಧ ಇದ್ದೇ ಇರುತ್ತವೆ.

ತೊಡೆಸಂದಿಯನ್ನು ಮರಗಟ್ಟಿಸಿ, ಅಲ್ಲಿನ ಅಪಧಮನಿಯಿಂದ ಕ್ಯಾತಿಟರನ್ನು ಕ್ಷಕಿರಣದ ಪರದೆ ನೋಡುತ್ತಾ ಕತ್ತಿನವರೆಗೆ ಏರಿಸುತ್ತಾರೆ. ಅದರೊಳಗಿಂದ 3 ಫ್ರೆಂಚ್‌ಗಿಂತ (1 ಮಿ.ಮೀ. ದಪ್ಪಕ್ಕಿಂತ) ಸಣ್ಣ ಮೈಕ್ರೋಕ್ಯಾತಿಟರ್ ಕವಲಿಗೆ ಹೋಗುತ್ತದೆ: ನಾಲಿಗೆಗಾದರೆ ಲಿಂಗ್ವಲ್, ಸೈನಸ್‌ಗಾದರೆ ಮ್ಯಾಕ್ಸಿಲರಿ. ಔಷಧಕ್ಕೆ ಮುಂಚೆ ಕಾಂಟ್ರಾಸ್ಟ್ (ಕ್ಷಕಿರಣದಲ್ಲಿ ಕಾಣುವ ಬಣ್ಣ) ಬಿಟ್ಟು ನೋಡುವ ಹಂತದಲ್ಲಿ ಅವಸರ ಸಲ್ಲದು. ಗಡ್ಡೆ ಪೂರ್ತಿ ಬಣ್ಣ ಹಿಡಿಯಿತೇ? ಅರ್ಧವೇ ಹಿಡಿದರೆ ಇನ್ನೊಂದು ಕವಲೂ ಅದಕ್ಕೆ ರಕ್ತ ಕೊಡುತ್ತಿದೆ ಎಂದರ್ಥ, ಪ್ರಮಾಣವನ್ನು ಹಂಚಬೇಕು. ನಡುಗೆರೆ ದಾಟಿದ ಗಡ್ಡೆಗೆ ಎರಡೂ ಬದಿಯಿಂದ ಕೊಡಬೇಕು. ಬಣ್ಣ ಕಣ್ಣಿನ ಅಥವಾ ಮುಖದ ನರದ ಕಡೆ ಹರಿದರೆ ಅಲ್ಲೇ ನಿಲ್ಲಿಸಿ ತುದಿಯ ಜಾಗ ಬದಲಿಸಬೇಕು, ಇಲ್ಲದಿದ್ದರೆ ಕುರುಡು, ಮುಖದ ಪಾರ್ಶ್ವವಾಯು ಎರಡಕ್ಕೂ ದಾರಿ.

ತಳ್ಳುವ ವೇಗವೂ ಸೂಕ್ಷ್ಮ. ತೀರಾ ನಿಧಾನವಾದರೆ ಔಷಧ ರಕ್ತದಲ್ಲಿ ಬೆರೆಯದೆ ಒಂದೇ ಎಳೆಯಾಗಿ ಹರಿದು ಗಡ್ಡೆಯ ಒಂದು ಭಾಗಕ್ಕಷ್ಟೇ ಸಿಗುತ್ತದೆ. ತೀರಾ ರಭಸವಾದರೆ ಹಿಮ್ಮುಖವಾಗಿ ಒಳ ಕೆರೋಟಿಡ್‌ಗೆ, ಅಲ್ಲಿಂದ ಮಿದುಳಿಗೆ ಹೋಗಬಹುದು.

ಜಪಾನಿನ ಕೆಲವು ಕೇಂದ್ರಗಳಲ್ಲಿ ಕಿವಿಯ ಮುಂದಿನ ಟೆಂಪೊರಲ್ ಅಪಧಮನಿಯಿಂದ ಹಿಮ್ಮುಖವಾಗಿ ತೂರಿಸಿ, ವಾರಗಟ್ಟಲೆ ಅಲ್ಲೇ ಇಡುತ್ತಾರೆ. ಮಹಾಧಮನಿ ದಾಟುವ ಗೊಡವೆಯಿಲ್ಲ, ಆದರೆ ಸೋಂಕಿನ ಕಾವಲು ದಿನವೂ ಬೇಕು.

ಇಷ್ಟೆಲ್ಲ ಶ್ರಮಕ್ಕೆ ಫಲ? 239 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್ ಅಧ್ಯಯನದಲ್ಲಿ ಸಿರೆಗೆ ಕೊಟ್ಟವರಿಗಿಂತ ಅಪಧಮನಿಗೆ ಕೊಟ್ಟವರ ಬದುಕುಳಿವು ಹೆಚ್ಚಲಿಲ್ಲ. ಮೂತ್ರಪಿಂಡದ ತೊಂದರೆ ಮಾತ್ರ ಕಡಿಮೆಯಿತ್ತು. ಹಾಗಾಗಿ ಸಾಮಾನ್ಯ ಚಿಕಿತ್ಸೆ ಇಂದಿಗೂ ಸಿರೆಯ ಮೂಲಕವೇ. ಸೈನಸ್ ಗಡ್ಡೆಯಲ್ಲಿ ಕಣ್ಣು, ದವಡೆ ಉಳಿಸಬೇಕೆಂದಾಗ ಇದನ್ನು ಯೋಚಿಸಬಹುದು.

ಮುಗಿದ ಮೇಲೆ ತೊಡೆಸಂದಿಯನ್ನು ಒತ್ತಿ ಹಿಡಿದು ರಕ್ತ ನಿಲ್ಲಿಸಿ, ಕೆಲ ತಾಸು ಕಾಲು ಮಡಿಸದೆ ಮಲಗಿಸುತ್ತಾರೆ. ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ ತಕ್ಷಣ ತಿಳಿಸಬೇಕು. ಮುಂದಿನ ಸರದಿಗೆ ಮುನ್ನ ಮತ್ತೆ ಕ್ರಿಯಾಟಿನಿನ್ ಮತ್ತು ರಕ್ತಕಣಗಳ ಎಣಿಕೆ. ಅವು ಕೆಟ್ಟಿದ್ದರೆ ಆ ವಾರದ ಔಷಧವನ್ನು ಮುಂದಕ್ಕೆ ಹಾಕುತ್ತಾರೆ.