ಸಂಘದ ಮೂಲಕ ಮೆಕ್ಕೆಜೋಳದ ಬೀಜ ತರಿಸುವವರಿಗೆ

ದಾವಣಗೆರೆ, ಹಾವೇರಿ ಕಡೆಯ ಗೆಳೆಯರೇ, ನಿಮ್ಮ ರೈತ ಉತ್ಪಾದಕ ಸಂಘ ಮುಂಗಾರಿಗೆ ಬೀಜ ಕಂಪನಿ ಜೊತೆ ಮಾತಾಡುತ್ತಿದ್ದರೆ ಬರೀ ದರ ನೋಡಬೇಡಿ. ಎಕರೆಗೆ ಸುಮಾರು 8 ಕೆಜಿ ಬೀಜ ಬೇಕು. ಊರಿನವರ ಬೇಡಿಕೆ ಒಟ್ಟಿಗೆ ಸೇರಿಸಿದರೆ ದರ ಇಳಿಸಿ ಕೇಳಬಹುದು. ಮೊಳಕೆ ಸರಿಯಾಗಿ ಬಾರದಿದ್ದರೆ ಕಂಪನಿ ಏನು ಮಾಡುತ್ತದೆ, ಅದನ್ನು ಮೊದಲೇ ಬರವಣಿಗೆಯಲ್ಲಿ ತಗೊಳ್ಳಿ.

ಲೋಡ್ ಬಂದ ಕೂಡಲೇ ಹಂಚಬೇಡಿ. ಚೀಲದ ಮೇಲಿನ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಬೀಜದ ಗುಂಪಿನ ಸಂಖ್ಯೆ), ಪರೀಕ್ಷೆಯ ದಿನಾಂಕ, ಅವಧಿ ಮುಗಿಯುವ ದಿನ ನೋಡಿ. ಪ್ರತಿ ಲಾಟ್‌ನಿಂದ 100 ಕಾಳು ತೆಗೆದು ಒದ್ದೆ ಗೋಣಿಚೀಲದಲ್ಲಿ ಸುತ್ತಿ ನೆರಳಲ್ಲಿಡಿ. ಒಂದು ವಾರದಲ್ಲಿ ಗೊತ್ತಾಗುತ್ತದೆ. ಹೈಬ್ರಿಡ್ ಮೆಕ್ಕೆಜೋಳದಲ್ಲಿ 90 ಆದರೂ ಮೊಳೆಯಬೇಕು. ಬೀಜಕ್ಕೆ ಔಷಧಿ ಹಚ್ಚಿರುತ್ತಾರೆ, ಕೈಗವಸು ಹಾಕಿಕೊಳ್ಳಿ. ಉಳಿದ ಕಾಳು ಕೋಳಿ, ದನಕ್ಕೆ ಸುತರಾಂ ಬೇಡ.

ಸಂಘದ ಹತ್ತಿರ ಬೀಜ ಮಾರಾಟದ ಲೈಸೆನ್ಸ್ ಇರಲೇಬೇಕು. ಪ್ರತಿಯೊಬ್ಬರಿಗೂ ಲಾಟ್ ನಂಬರ್ ಬರೆದ ಬಿಲ್ ಕೊಡಿಸಿ. ಬಿಲ್ಲು, ಖಾಲಿ ಚೀಲ, ಲೇಬಲ್, ಒಂದು ಹಿಡಿ ಬೀಜ ಕೊಯ್ಲಿನವರೆಗೂ ಜೋಪಾನ. ತೊಂದರೆಯಾದರೆ ಕೃಷಿ ಇಲಾಖೆಗೆ ದೂರು ಕೊಡಲು ಇವೇ ಆಧಾರ, ಅಲ್ವಾ?

ಇನ್ನೊಂದು. ಎಲ್ಲರೂ ಒಂದೇ ತಳಿ ಬಿತ್ತಬೇಡಿ. ಮಳೆ ಕೈಕೊಟ್ಟರೆ ಇಡೀ ಊರು ಒಟ್ಟಿಗೆ ಸೋಲುತ್ತದೆ. ಎರಡು ಮೂರು ತಳಿ ತರಿಸಿ.