ಪಕ್ಕದವರ ಅಕ್ರಮ ಕಟ್ಟಡ: ಹೆಸರು ಹೊರಬೀಳದಂತೆ ದೂರು ಕೊಡುವುದು ಹೇಗೆ?

ಚಾಳಿನ ಖೋಲಿಯ ಮೇಲೆ ವಾರದೊಳಗೆ ಇನ್ನೊಂದು ಮಾಳಿಗೆ ಏಳುತ್ತದೆ. ಸೊಸೈಟಿಯಲ್ಲಿ ಯಾರೋ ಬಾಲ್ಕನಿ ಮುಚ್ಚಿ ಅಡುಗೆಮನೆ ಮಾಡಿಕೊಳ್ಳುತ್ತಾರೆ. ಮುಂಬಯಿಯಲ್ಲಿ ಇಂಥದ್ದನ್ನು ಕಂಡೂ ಜನ ಸುಮ್ಮನಿರುವುದು ಕಾನೂನು ತಿಳಿಯದೆ ಅಲ್ಲ, ನಾಳೆಯೂ ಅದೇ ಮೆಟ್ಟಿಲಲ್ಲಿ ಎದುರಾಗಬೇಕಲ್ಲ ಎಂದು. ಹಾಗೆಂದು ಸಹಿಯಿಲ್ಲದ ಚೀಟಿ ಕಳಿಸಿದರೆ ಅದು ಬಹುತೇಕ ಫೈಲಿನಲ್ಲೇ ಉಳಿಯುತ್ತದೆ. ಕಚೇರಿಗೆ ಹೆಸರು ಗೊತ್ತಿದ್ದು ನೆರೆಯವರಿಗೆ ಗೊತ್ತಾಗದಂತೆ ನೋಡಿಕೊಳ್ಳುವುದೇ ಸರಿಯಾದ ದಾರಿ.

ಮೊದಲು ಅದು ಅಕ್ರಮವೇ ಎಂದು ನೋಡಿ. ಬಣ್ಣ, ಗಿಲಾಯಿ, ಟೈಲ್ಸ್ ಬದಲಾವಣೆಗೆ ಪರವಾನಗಿ ಬೇಡ. ಕಂಬ ಅಥವಾ ಬೀಮ್ ಕಡಿಯುವುದು, ಎತ್ತರ ಏರಿಸುವುದು, ತೆರೆದ ಜಾಗ ಮುಚ್ಚುವುದಕ್ಕೆ ಬೇಕು. ಹಳೆಯ ಕಟ್ಟಡವಾದರೆ ಎಚ್ಚರ: ವಸತಿಯದ್ದು 17-4-1964ಕ್ಕೂ ವಾಣಿಜ್ಯದ್ದು 1-4-1962ಕ್ಕೂ ಹಿಂದಿನದೆಂದು ದಾಖಲೆ ಸಿಕ್ಕರೆ ಪಾಲಿಕೆ ಅದನ್ನು ಸಹಿಸಿಕೊಳ್ಳುತ್ತದೆ. ಆಗ ದೂರು ಹೊಸದಾಗಿ ಸೇರಿಸಿದ ಭಾಗದ ಮೇಲಷ್ಟೇ ನಿಲ್ಲುತ್ತದೆ.

ಮುಂದಿನ ಪ್ರಶ್ನೆ, ದೂರು ಯಾರಿಗೆ? ಮಾಟುಂಗಾ, ಸಾಯನ್, ವಡಾಲಾ ಕಡೆಯವರಿಗೆ ಎಫ್ ಉತ್ತರ ವಾರ್ಡ್, ಅಂಧೇರಿ ಪೂರ್ವದವರಿಗೆ ಕೆ ಪೂರ್ವ. ವಾರ್ಡ್ ಆಫೀಸಿನಲ್ಲಿ ಇದನ್ನು ನೋಡುವುದು ‘ಇಮಾರತ್ ವ ಕಾರ್ಖಾನೆ’ (ಕಟ್ಟಡ ಮತ್ತು ಕಾರ್ಖಾನೆ) ವಿಭಾಗ. ಮ್ಹಾಡಾ (ರಾಜ್ಯದ ಗೃಹನಿರ್ಮಾಣ ಪ್ರಾಧಿಕಾರ) ಬಡಾವಣೆಯಾದರೆ ಮ್ಹಾಡಾ, ಝೋಪಡಪಟ್ಟಿ (ಕೊಳೆಗೇರಿ) ಪುನರ್ವಸತಿ ಕಟ್ಟಡವಾದರೆ ಆ ಪುನರ್ವಸತಿಯ ಪ್ರಾಧಿಕಾರವಾದ ಎಸ್‌ಆರ್‌ಎ. ಡೊಂಬಿವಲಿ ಮುಂಬಯಿ ಪಾಲಿಕೆಯದ್ದೇ ಅಲ್ಲ, ಅಲ್ಲಿಗೆ ಕಲ್ಯಾಣ-ಡೊಂಬಿವಲಿ ಪಾಲಿಕೆ. ತಪ್ಪು ಕಚೇರಿಗೆ ಹೋದ ದೂರು ಮೇಜಿನಿಂದ ಮೇಜಿಗೆ ಅಲೆಯುವಷ್ಟರಲ್ಲಿ ಸ್ಲ್ಯಾಬ್ ಒಣಗಿರುತ್ತದೆ.

ಗುಟ್ಟು ರಟ್ಟಾಗುವುದು ಹೆಚ್ಚಾಗಿ ಫೋಟೋದಿಂದ. ನಿಮ್ಮ ಕಿಟಕಿಯಿಂದಲೇ ತೆಗೆದ ಚಿತ್ರ ನಿಮ್ಮ ಮಹಡಿಯನ್ನೂ ಕೋನವನ್ನೂ ಹೇಳಿಬಿಡುತ್ತದೆ. ರಸ್ತೆಯಿಂದ, ಎಲ್ಲರೂ ಓಡಾಡುವ ಜಾಗದಿಂದ ತೆಗೆಯಿರಿ. ಮೂರು ಸಾಕು: ಇಡೀ ಕಟ್ಟಡ, ಹೊಸ ಭಾಗ, ಗುರುತಿಗೆ ಪಕ್ಕದ ಅಂಗಡಿಯ ಬೋರ್ಡ್. ಚಿತ್ರದ ಕಡತದೊಳಗೆ ಜಾಗ, ಸಮಯ, ಫೋನಿನ ಮಾಡೆಲ್ ಅಡಗಿರುತ್ತವೆ. ಸ್ಕ್ರೀನ್‌ಶಾಟ್ ತೆಗೆದು ಅದನ್ನು ಕಳಿಸಿ, ದಿನಾಂಕವನ್ನು ಬರಹದಲ್ಲಿ ಕೊಡಿ.

ಬರಹವೂ ಸುಳಿವು ಕೊಡುತ್ತದೆ. ‘ನಮ್ಮ ಗೋಡೆಗೆ ನೀರು ಇಳಿಯುತ್ತಿದೆ’ ಎಂದು ಬರೆದರೆ ದೂರುದಾರ ಯಾರೆಂದು ಕೇಳಬೇಕಾಗಿಯೇ ಇಲ್ಲ. ನಿಮ್ಮ ಕಷ್ಟ ಬಿಟ್ಟು ಕಟ್ಟಡದ ಸಂಗತಿ ಮಾತ್ರ ಬರೆಯಿರಿ: ಸಿಟಿಎಸ್ ನಂಬರ್ (ಜಾಗದ ಸಿಟಿ ಸರ್ವೆ ಸಂಖ್ಯೆ), ಕಟ್ಟಡದ ಹೆಸರು, ಮಹಡಿ, ಅಂದಾಜು ಉದ್ದಗಲ, ಇಟ್ಟಿಗೆಯೋ ಪತ್ರಾ ಶೀಟೋ, ಕೆಲಸ ಶುರುವಾದ ದಿನ, ಇನ್ನೂ ನಡೆಯುತ್ತಿದೆಯೇ. ಇಂಜಿನಿಯರ್ ಯಾರನ್ನೂ ಕೇಳದೆ ನೇರ ಆ ಬಾಗಿಲಿಗೆ ಹೋಗುವಷ್ಟು ನಿಖರವಾಗಿರಲಿ. ಮರಾಠಿಯಲ್ಲಿ ಟೈಪ್ ಮಾಡಿಸಿದರೆ ಒಳ್ಳೆಯದು. ಇಡೀ ಚಾಳಿನಲ್ಲಿ ಕನ್ನಡದವರು ಒಂದೇ ಮನೆಯಾಗಿದ್ದರೆ ಕೈಬರಹವೇ ಸಾಕ್ಷಿ.

ಪಾಲಿಕೆಯ ಅತಿಕ್ರಮಣ ತೆರವು ಪೋರ್ಟಲ್‌ನಲ್ಲಿ ಅಥವಾ 1916ಕ್ಕೆ ಕರೆ ಮಾಡಿ ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕಾಗದ ಕೊಡುವುದಾದರೆ ಎರಡು ಹಾಳೆ ಮಾಡಿ: ಒಂದರಲ್ಲಿ ಹೆಸರು, ವಿಳಾಸ, ಗುರುತು ಗೋಪ್ಯವಾಗಿರಲಿ ಎಂಬ ಕೋರಿಕೆ, ಇನ್ನೊಂದರಲ್ಲಿ ಹೆಸರಿಲ್ಲದ ದೂರು. ಸ್ಥಳಕ್ಕೆ ಹೋಗುವುದು ಎರಡನೆಯದೇ ಆಗಲಿ. ನೆರೆಯವರು ಮಾಹಿತಿ ಹಕ್ಕಿನಡಿ ದೂರಿನ ಪ್ರತಿ ಕೇಳಬಹುದು. ಹೆಸರು ಹೇಳಿದರೆ ಜೀವಕ್ಕೆ ಅಪಾಯ ಎನ್ನುವಂತಿದ್ದರೆ ಆ ಕಾಯ್ದೆಯ 8(1)(ಜಿ) ಕಲಮನ್ನು ಕೋರಿಕೆಯಲ್ಲೇ ನಮೂದಿಸಿ. ಇನ್ನೂ ಸುರಕ್ಷಿತ ದಾರಿ ಸೊಸೈಟಿಯ ಕಮಿಟಿ ತನ್ನ ಲೆಟರ್‌ಹೆಡ್‌ನಲ್ಲಿ ದೂರು ಕೊಡುವುದು. ಕಾರ್ಯದರ್ಶಿಯೇ ಬಾಲ್ಕನಿ ಮುಚ್ಚಿಕೊಂಡಿದ್ದರೆ ಈ ದಾರಿ ಬಂದ್, ಅದೂ ಅಪರೂಪವೇನಲ್ಲ.

ಸಮಯ ಬಹಳ ಮುಖ್ಯ. ಕೆಲಸ ನಡೆಯುತ್ತಿರುವಾಗ ದೂರು ಹೋದರೆ ಪಾಲಿಕೆ 1888ರ ಮುಂಬಯಿ ಮಹಾನಗರಪಾಲಿಕೆ ಕಾಯ್ದೆಯ 354ಎ ಕಲಮಿನಡಿ ಕೆಲಸ ನಿಲ್ಲಿಸಿ 24 ಗಂಟೆಯಲ್ಲಿ ಪರವಾನಗಿ ತೋರಿಸಲು ಹೇಳಬಹುದು. ಮುಗಿದ ಮೇಲೆ 351ನೇ ಕಲಮಿನ ನೋಟಿಸ್, ಉತ್ತರ, ಆದೇಶ, ಕೊನೆಗೆ ಸಿವಿಲ್ ಕೋರ್ಟಿನ ತಡೆಯಾಜ್ಞೆ. ನವೆಂಬರ್ 2024ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕೆಡವುವ ಮುನ್ನ ಕನಿಷ್ಠ 15 ದಿನಗಳ ನೋಟಿಸ್ ಬೇಕೇ ಬೇಕು. ರಸ್ತೆ, ಫುಟ್‌ಪಾತ್‌ನಂಥ ಸಾರ್ವಜನಿಕ ಜಾಗಕ್ಕೆ, ಕೋರ್ಟೇ ಕೆಡವಲು ಆದೇಶಿಸಿದ್ದಕ್ಕೆ ಮಾತ್ರ ವಿನಾಯಿತಿ. ಸಾಲುಸಾಲು ರಜೆ ಇರುವಾಗಲೇ ಇಂಥ ಕೆಲಸ ಭರದಿಂದ ಸಾಗುತ್ತದೆ, ಆದ್ದರಿಂದ ಇಟ್ಟಿಗೆ ಬಂದು ಬಿದ್ದ ದಿನವೇ ದೂರು ಹಾಕಿ.

ಏನೂ ಆಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅದಕ್ಕೆ 10 ರೂಪಾಯಿ, ಉತ್ತರಕ್ಕೆ 30 ದಿನ. ಮಹಾರಾಷ್ಟ್ರದಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ‘ಕ್ರಮ ಏಕಿಲ್ಲ’ ಎಂದು ಕೇಳಬೇಡಿ. ಸ್ಥಳ ಪರಿಶೀಲನೆಯ ವರದಿ, ನೋಟಿಸ್, ಆದೇಶದ ಪ್ರತಿ ಕೇಳಿ. ಯಾವ ನಾಗರಿಕನೂ ಅರ್ಜಿ ಹಾಕಬಹುದಾದ್ದರಿಂದ ಬೇರೆ ಊರಿನಲ್ಲಿರುವ ಭಾವನೋ ಗೆಳೆಯನೋ ಹಾಕಲಿ. ‘ಬಂದು ಜಾಗ ತೋರಿಸಿ’ ಎಂದು ಕಚೇರಿಯಿಂದ ಫೋನ್ ಬಂದರೆ ಹೋಗಬೇಡಿ, ದೂರಿನ ಸಂಖ್ಯೆ ಹೇಳಿ ಎಲ್ಲ ವಿವರ ಅದರಲ್ಲೇ ಇದೆ ಎನ್ನಿ. ಯಾರಾದರೂ ಲಂಚದ ಮಾತೆತ್ತಿದರೆ ಭ್ರಷ್ಟಾಚಾರ ನಿಗ್ರಹ ದಳದ ಸಂಖ್ಯೆ 1064.